ಸೊಪ್ಪು ಬಿಟ್ಟ ಕೊಟ್ಟಿಗೆ

ಶಿರಸಿ ಸೀಮೆಯಲ್ಲಿ ಎಕರೆ ಅಡಿಕೆ ತೋಟಕ್ಕೆ 9 ಎಕರೆವರೆಗೆ ಸೊಪ್ಪಿನಬೆಟ್ಟ ಎಂದು ಬ್ರಿಟಿಷರ ಕಾಲದಲ್ಲೇ ಬಿಟ್ಟುಕೊಟ್ಟಿದ್ದು ಸುಮ್ಮನೆ ಅಲ್ಲ. ಬೆಟ್ಟದ ಸೊಪ್ಪು ಕೊಟ್ಟಿಗೆಗೆ, ಅಲ್ಲಿಂದ ಗೊಬ್ಬರಗುಂಡಿಗೆ, ಆಮೇಲೆ ತೋಟಕ್ಕೆ. ನಾನು ಚಿಕ್ಕವನಿದ್ದಾಗ ಮಳೆಗಾಲದಲ್ಲಿ ಹಸಿಸೊಪ್ಪು, ಬೇಸಿಗೆಯಲ್ಲಿ ಒಣಗಿ ಬಿದ್ದ ಎಲೆಯ ದರಕು ದಿನವೂ ದನಗಳ ಕಾಲಡಿಗೆ ಬೀಳಬೇಕಿತ್ತು. ಮಲೆನಾಡು ಗಿಡ್ಡಗಳು ಅದನ್ನು ತುಳಿದು, ಅದರ ಮೇಲೇ ಮಲಗಿ, ಗಂಜಲವನ್ನೆಲ್ಲ ಅದಕ್ಕೇ ಕುಡಿಸುತ್ತಿದ್ದವು. ಗೊಬ್ಬರ ತೆಗೆಯುವ ದಿನ ಕೆಳಪದರ ಕಪ್ಪಗೆ, ಬಿಸಿಬಿಸಿಯಾಗಿರುತ್ತಿತ್ತು. ಅಗೆಯುವಾಗ ಒಮ್ಮೆ ಮೂಗಿಗೆ ಹೊಡೆಯುತ್ತಿತ್ತು, ಅಷ್ಟೇ.

ಎಂಬತ್ತರ ದಶಕದಲ್ಲಿ ದೀನಬಂಧು ಮಾದರಿಯ ಗೋಬರ್ ಗ್ಯಾಸ್ ಬಂತು. ತೊಟ್ಟಿಗೆ ಸೊಪ್ಪು ಹೋಗಬಾರದು; ಹಾಗಾಗಿ ಕೊಟ್ಟಿಗೆಗೆ ಸಿಮೆಂಟು, ಗಿಡ್ಡದ ಜಾಗಕ್ಕೆ ಜರ್ಸಿ. ಅಮ್ಮನಿಗೆ ಒಲೆಯ ಮುಂದಿನ ಕಣ್ಣುರಿ ತಪ್ಪಿತು, ನಮಗೆ ಕೊಟ್ಟಿಗೆಯಲ್ಲಿ ಶುರುವಾಯಿತು.

ಈ ಉರಿಗೆ ಮೂಲ ಗಂಜಲ; ಅದರಲ್ಲಿರುವುದೂ ಚೀಲದ ಗೊಬ್ಬರದ ಯೂರಿಯಾವೇ. ಸಗಣಿಯಲ್ಲಿನ ಯೂರಿಯೇಸ್ ಕಿಣ್ವ ತಾಗಿದ ಕೆಲವೇ ತಾಸುಗಳಲ್ಲಿ ಅದು ಅಮೋನಿಯಾ ಆಗಿ ಗಾಳಿಗೇರುತ್ತದೆ, ಬಿಸಿಲೇರಿದಷ್ಟೂ ಜೋರು. ಸೊಪ್ಪಿದ್ದಾಗ ಅದನ್ನು ತಿನ್ನುವ ಸೂಕ್ಷ್ಮಜೀವಿಗಳು ಈ ಸಾರಜನಕದಲ್ಲಿ ಒಂದಷ್ಟನ್ನು ತಮ್ಮ ಮೈಗೇ ಹಿಡಿದುಕೊಳ್ಳುತ್ತಿದ್ದವು. ಗ್ಯಾಸಿನ ಸ್ಲರಿಯದು ಇನ್ನೂ ಕಷ್ಟ: ತೊಟ್ಟಿಯೊಳಗೆ ಕೊಳೆತು ಹೊರಬರುವಾಗ ಸಾರಜನಕದ ದೊಡ್ಡ ಪಾಲು ಅಮೋನಿಯಂ ಆಗಿರುತ್ತದೆ, ಕ್ಷಾರಗುಣವೂ ಹೆಚ್ಚು. ಅದನ್ನು ತೆರೆದ ಗುಂಡಿಯಲ್ಲಿ ಬಿಸಿಲಿಗೆ ಬಿಟ್ಟು, ಹಾರಿಹೋದ ಸಾರಕ್ಕೆ ಬದಲಾಗಿ ಸೊಸೈಟಿಯಿಂದ ಯೂರಿಯಾ ಚೀಲ ಹೊತ್ತು ತಂದೆವು. ಇದಕ್ಕೆ ಪ್ರಗತಿ ಅನ್ನುವ ಹೆಸರೂ ಇತ್ತು.

ಈಗ ಕೊಟ್ಟಿಗೆಯ ನೆಲಕ್ಕೆ ಇಳಿಜಾರು ಕೊಟ್ಟಿದ್ದೇವೆ. ಗಂಜಲ ಸಗಣಿಯಲ್ಲಿ ನಿಲ್ಲದೆ ಚರಂಡಿ ಹಿಡಿದು ಮುಚ್ಚಿದ ತೊಟ್ಟಿ ಸೇರುತ್ತದೆ. ಸ್ಲರಿ ಗುಂಡಿಗೆ ಅಡಿಕೆ ಸಿಪ್ಪೆ ದಪ್ಪಗೆ ಹಾಸಿದ ಮೇಲೆ ಘಾಟು ಇಳಿದದ್ದು ಪಕ್ಕದ ಮನೆಯವರಿಗೇ ಮೊದಲು ಗೊತ್ತಾಯಿತು. ತೋಟಕ್ಕೆ ಬಿಡುವುದು ಸಂಜೆ, ಮರದ ಬುಡಕ್ಕೆ, ಮೇಲೆ ಸೊಪ್ಪು ಮುಚ್ಚಿ. ಅಮೋನಿಯಾ ಹಾರಬಾರದೆಂದೇ ನೆದರ್ಲೆಂಡ್ಸಿನಲ್ಲಿ 1990ರ ದಶಕದಿಂದ ಸ್ಲರಿಯನ್ನು ಹೊಲದ ಮೇಲೆ ಎರಚುವಂತಿಲ್ಲ. ಯಂತ್ರದಿಂದ ಮಣ್ಣಿಗೇ ಇಳಿಸಬೇಕು. ನಮ್ಮ ತೋಟದ ಕಾಲುವೆಗಳ ನಡುವೆ ಆ ಯಂತ್ರ ಓಡಲಾರದು, ಗುದ್ದಲಿಯೇ ಗತಿ.

ಆದರೆ ಸೊಪ್ಪಿಗೆ ಬೆಟ್ಟಕ್ಕೆ ಹೋಗುವ ಆಳು ಈಗ ಸಿಗುವುದಿಲ್ಲ. ಸುಲಿಯದೆ ಹಸಿ ಅಡಿಕೆಯನ್ನೇ ಮಾರಿಬಿಡುವವರು ಹೆಚ್ಚಿ, ಊರಲ್ಲಿ ಸಿಪ್ಪೆಗೂ ಈಚೆಗೆ ಬರ. ಮೊನ್ನೆ ಸುಲಿಯುವವರ ಮನೆಗೆ ಹೋಗಿ ಕೇಳಿದರೆ, ಚೀಲಕ್ಕೆ ರೇಟು ಹೇಳಿದರು.