ಪೊಲೀಸರಿಲ್ಲದ ರಸ್ತೆಯ ಪಾಠ

ಒಂಬತ್ತನೇ ತರಗತಿಯ ಜಡತ್ವದ ಪಾಠಕ್ಕೆ ಪೀಠಿಕೆ ಹುಡುಕುವುದು ಕಷ್ಟವಲ್ಲ. ಬ್ರೇಕ್ ಹಾಕಿದ ಬಸ್ಸಿನಲ್ಲಿ ನಿಂತವರು ಮುಂದಕ್ಕೆ ಮುಗ್ಗರಿಸುವ ಉದಾಹರಣೆ ಎಲ್ಲರ ಪಾಠಯೋಜನೆಯಲ್ಲೂ ಇರುತ್ತದೆ. ನಾನು ಅದರ ಬದಲು ‘ಗಾಡಿ ಓಡಿಸುವವರು ಹೆಲ್ಮೆಟ್ ಏಕೆ ಹಾಕಿಕೊಳ್ಳುತ್ತಾರೆ?’ ಎಂಬ ಪ್ರಶ್ನೆ ಬರೆದುಕೊಂಡಿದ್ದೆ. ‘ತಲೆಗೆ ಪೆಟ್ಟಾಗದಿರಲು’ ಎಂಬ ಉತ್ತರದಿಂದ ಪೆಟ್ಟು ಏಕಾಗುತ್ತದೆ ಎಂಬಲ್ಲಿಗೆ, ಅಲ್ಲಿಂದ ಜಡತ್ವಕ್ಕೆ ಹೋಗುವುದು ಯೋಜನೆ.

ಮುಂದಿನ ಬೆಂಚಿನ ಹುಡುಗ ಥಟ್ಟನೆ ಹೇಳಿದ: “ಪೊಲೀಸ್ ಹಿಡೀತಾರೆ ಅಂತ ಮಿಸ್.”

ಅವನ ಹಿಂದಿದ್ದ ಹುಡುಗಿ ತಿದ್ದಿದಳು: “ಎಲ್ಲಾ ಕಡೆ ಅಲ್ಲ ಮಿಸ್. ಸರ್ಕಲ್‌ ಹತ್ರ ಮಾತ್ರ.”

ಆಮೇಲೆ ತರಗತಿ ತಾನೇ ಪಾಠ ಮಾಡತೊಡಗಿತು. ಯಾವ ಸರ್ಕಲ್‌ನಲ್ಲಿ ಬೆಳಿಗ್ಗೆ ನಿಲ್ಲುತ್ತಾರೆ, ಎಲ್ಲಿ ಸಂಜೆ, ಯಾವ ತಿರುವಿನ ಮರದ ನೆರಳಿನಲ್ಲಿ ನಿಂತಿದ್ದರೆ ಕಾಣುವುದೇ ಇಲ್ಲ, ಯಾವ ಅಡ್ಡರಸ್ತೆಗೆ ನುಗ್ಗಿದರೆ ತಪ್ಪಿಸಿಕೊಳ್ಳಬಹುದು, ಹೆಲ್ಮೆಟ್ಟನ್ನು ಎಲ್ಲಿಯವರೆಗೆ ಕೈಗೆ ನೇತುಹಾಕಿಕೊಂಡು ಬಂದು ಎಲ್ಲಿ ತಲೆಗೆ ಏರಿಸಬೇಕು ಎಂಬುದೆಲ್ಲ ಅವರಿಗೆ ಗೊತ್ತಿತ್ತು. ಮೈಸೂರಿನ ನಕ್ಷೆ ಅವರ ತಲೆಯಲ್ಲಿ ಅಷ್ಟು ಸ್ಪಷ್ಟವಾಗಿತ್ತು. ಆ ನಕ್ಷೆಯಲ್ಲಿ ಅಪಘಾತ ಮಾತ್ರ ಇರಲಿಲ್ಲ.

ಹಿಂದೆ ಕುಳಿತು ನೋಡುತ್ತಿದ್ದ ನನ್ನ ಮಾರ್ಗದರ್ಶಕರು ಪಾಠ ಮುಗಿದ ಮೇಲೆ, “ಈ ಉತ್ತರಗಳನ್ನು ಬಿಡಬೇಡಿ, ಇವುಗಳ ಮೇಲೇ ಇನ್ನೆರಡು ಪಾಠ ಕಟ್ಟಿ” ಎಂದರು. ಈ ಬರಹ ಆ ಎರಡು ಪಾಠಗಳ ಬಗ್ಗೆ, ಅವುಗಳಿಂದಾಗಿ ನನ್ನೆದುರು ಬಂದು ನಿಂತ ಒಂದು ಪ್ರಶ್ನೆಯ ಬಗ್ಗೆ.

ಮೊದಲು ನಾನೇ ಕಾನೂನನ್ನು ಓದಿಕೊಂಡೆ. 1988ರ ಮೋಟಾರು ವಾಹನಗಳ ಕಾಯ್ದೆಯ 129ನೇ ಕಲಂ ಪ್ರಕಾರ ದ್ವಿಚಕ್ರ ವಾಹನದ ಮೇಲಿರುವ ನಾಲ್ಕು ವರ್ಷ ದಾಟಿದ ಪ್ರತಿಯೊಬ್ಬರಿಗೂ ಹೆಲ್ಮೆಟ್ ಬೇಕು. ಹಿಂಬದಿ ಸವಾರರೂ ಇದರಲ್ಲಿ ಸೇರುತ್ತಾರೆ. ಕರ್ನಾಟಕದಲ್ಲಿ ಅವರಿಗೂ ಕಡ್ಡಾಯವೆಂದು ಜಾರಿಗೆ ತಂದದ್ದು 2016ರಲ್ಲಿ. 2021ರ ಜೂನ್ 1ರಿಂದ ಐಎಸ್‌ಐ ಗುರುತಿಲ್ಲದ ಹೆಲ್ಮೆಟ್ ಮಾರುವಂತಿಲ್ಲ. ನಡುನೆತ್ತಿಯನ್ನಷ್ಟೇ ಮುಚ್ಚುವ ಟೋಪಿಯಂಥ ಹೆಲ್ಮೆಟ್ ದಂಡದಿಂದ ಕಾಪಾಡಬಹುದು ಎಂಬ ನಂಬಿಕೆಯ ಮೇಲೆ ಮಾರಾಟವಾಗುತ್ತದೆಯೇ ಹೊರತು, ತಲೆಯನ್ನು ಕಾಪಾಡುತ್ತದೆಂದು ಅಲ್ಲ. ಮಕ್ಕಳಲ್ಲಿ ಹೆಚ್ಚಿನವರು ನಂಬಿದ್ದ ಇನ್ನೊಂದು ಮಾತು, “ಕರೆಂಟ್ ಗಾಡಿಗೆ ಲೈಸೆನ್ಸ್ ಬೇಡ ಮಿಸ್.” ಮೋಟಾರು 250 ವ್ಯಾಟ್ ಮೀರದ, ಗಂಟೆಗೆ 25 ಕಿ.ಮೀ.ಗಿಂತ ವೇಗವಾಗಿ ಓಡದ ಗಾಡಿಗಳಿಗೆ ಮಾತ್ರ ಆ ವಿನಾಯಿತಿ. ಇಂದು ಬೀದಿಯಲ್ಲಿ ಓಡುವ ಎಷ್ಟೋ ಎಲೆಕ್ಟ್ರಿಕ್ ಸ್ಕೂಟರುಗಳು ಇದರೊಳಗೆ ಬರುವುದಿಲ್ಲ.

ಇನ್ನು ದಂಡ. 2019ರ ಸೆಪ್ಟೆಂಬರ್ 1ರಂದು ಜಾರಿಗೆ ಬಂದ ತಿದ್ದುಪಡಿ ದಂಡಗಳನ್ನು ಒಮ್ಮೆಲೇ ಏರಿಸಿತು. ಹೆಲ್ಮೆಟ್ ಇಲ್ಲದಿದ್ದರೆ 1,000 ರೂಪಾಯಿ ಎಂದಾಯಿತು. ಜನ ಗೊಣಗಿದರು; ಅದೇ ತಿಂಗಳಲ್ಲಿ ನಮ್ಮ ರಾಜ್ಯ ಸರ್ಕಾರ ಅದನ್ನು 500ಕ್ಕೆ ಇಳಿಸಿತು. 2023ರ ಫೆಬ್ರವರಿಯಲ್ಲಿ ಬಾಕಿ ದಂಡಕ್ಕೆ ಅರ್ಧದಷ್ಟು ರಿಯಾಯಿತಿ ಬಂತು, ಜನ ಸಾಲುಗಟ್ಟಿ ಕಟ್ಟಿದರು. 2025ರಲ್ಲಿ ಮತ್ತೆ ಬಂತು. ಬಾಕಿ ವಸೂಲಿಗೆ ಅದು ಒಳ್ಳೆಯ ದಾರಿಯೇ ಇರಬಹುದು. ಆದರೆ ಶಿಕ್ಷಕರಾಗುವ ನಾವು ಬೇರೆಯದನ್ನೂ ಕೇಳಿಕೊಳ್ಳಬೇಕು. ರೆಕಾರ್ಡ್ ಪುಸ್ತಕ ತಡವಾಗಿ ಕೊಟ್ಟರೂ ಕೊನೆಗೆ ವಿನಾಯಿತಿ ಇದೆ ಎಂದು ಗೊತ್ತಾದ ತರಗತಿಯಲ್ಲಿ ಎಷ್ಟು ಮಂದಿ ಕೊನೆಯ ದಿನಾಂಕ ನೋಡುತ್ತಾರೆ? ಶಿಕ್ಷೆ ಎಷ್ಟು ದೊಡ್ಡದು ಎಂಬುದಕ್ಕಿಂತ ಅದು ಖಂಡಿತ ಬರುತ್ತದೆಯೇ ಎಂಬುದನ್ನು ಮಕ್ಕಳು ಬೇಗ ಗುರುತಿಸುತ್ತಾರೆ.

ಕೋಲ್ಬರ್ಗ್‌ನ ನೈತಿಕ ವಿಕಾಸದ ಹಂತಗಳನ್ನು ನಾವೆಲ್ಲ ಪರೀಕ್ಷೆಗೆ ಓದಿದ್ದೇವೆ. ಶಿಕ್ಷೆ ತಪ್ಪಿಸಿಕೊಳ್ಳಲು ವಿಧೇಯರಾಗುವುದು ಅದರಲ್ಲಿ ಮೊಟ್ಟಮೊದಲ ಹಂತ, ಪುಟ್ಟ ಮಕ್ಕಳದು. ಹದಿನಾಲ್ಕರ ಮಕ್ಕಳು ಬೇರೆ ವಿಷಯಗಳಲ್ಲಿ ಅದನ್ನು ದಾಟಿರುತ್ತಾರೆ. ಗೆಳೆಯನ ಗುಟ್ಟು ಬಿಟ್ಟುಕೊಡುವುದಿಲ್ಲ, ಆಟದಲ್ಲಿ ಮೋಸ ಮಾಡಿದವನನ್ನು ಗುಂಪಿನಿಂದ ಹೊರಗಿಡುತ್ತಾರೆ. ರಸ್ತೆಯ ವಿಷಯದಲ್ಲಿ ಮಾತ್ರ ಅದೇ ಮೊದಲ ಹಂತದಲ್ಲಿ ನಿಂತಿದ್ದಾರೆ. ಇದಕ್ಕೆ ಅವರನ್ನು ದೂರುವಂತಿಲ್ಲ. ಸರ್ಕಲ್ ಬಂದಾಗ ಹೆಲ್ಮೆಟ್ ಏರಿಸಿ, ದಾಟಿದ ಮೇಲೆ ಇಳಿಸುವ ದೊಡ್ಡವರ ಹಿಂದಿನ ಸೀಟಿನಲ್ಲಿ ಕುಳಿತೇ ಅವರು ಇದನ್ನೆಲ್ಲ ಕಲಿತದ್ದು.

ಪೊಲೀಸರನ್ನು ದೂರುವುದೂ ಸುಲಭ, ಆದರೆ ನ್ಯಾಯವಲ್ಲ. ಮಧ್ಯಾಹ್ನದ ಬಿಸಿಲಿನಲ್ಲಿ ವೃತ್ತವೊಂದರಲ್ಲಿ ನಿಂತ ಒಬ್ಬ ಕಾನ್‌ಸ್ಟೆಬಲ್ ನಾಲ್ಕೈದು ರಸ್ತೆಗಳ ವಾಹನಗಳನ್ನು ಬಿಡಬೇಕು, ಆಂಬ್ಯುಲೆನ್ಸ್‌ಗೆ ದಾರಿ ಮಾಡಬೇಕು, ನಡುವೆ ತಪ್ಪು ಮಾಡಿದವರನ್ನೂ ಹಿಡಿಯಬೇಕು. ಅವರ ಕಣ್ಣಿಗೆ ಸುಲಭವಾಗಿ ಬೀಳುವುದು ಬರಿದಾದ ತಲೆ, ಮೂವರು ಕುಳಿತ ಬೈಕು, ಹಾಕಿರದ ಸೀಟ್ ಬೆಲ್ಟ್, ನಂಬರ್ ಪ್ಲೇಟ್. ಇವುಗಳಿಗೆ ಒಂದು ಫೋಟೋ ಸಾಕು. ಚಲನ್ ಮಾಲೀಕರ ಹೆಸರಿಗೆ ಹೋಗುತ್ತದೆ. ಕುಡಿದು ಓಡಿಸುವುದನ್ನು ಉಸಿರಿನ ಪರೀಕ್ಷೆಯಿಂದ ಹಿಡಿಯಬಹುದು, ಅದು ನ್ಯಾಯಾಲಯಕ್ಕೆ ಹೋಗುವ ಪ್ರಕರಣ. ಆದರೆ ಅತಿವೇಗವನ್ನು ಬರಿಗಣ್ಣಿನಿಂದ ಅಳೆಯಲಾಗುವುದಿಲ್ಲ. 2022ರಲ್ಲಿ ದೇಶದಲ್ಲಿ ರಸ್ತೆ ಅಪಘಾತಗಳಿಂದ ಸತ್ತವರು 1,68,491 ಮಂದಿ. ಅದರಲ್ಲಿ ನೂರಕ್ಕೆ ಸುಮಾರು 71 ಸಾವುಗಳು ಅತಿವೇಗದ ಲೆಕ್ಕಕ್ಕೆ ಸೇರಿವೆ. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ವೇಗ ಹಿಡಿಯುವ ಕ್ಯಾಮೆರಾಗಳು ಬಂದದ್ದು, 2023ರ ಆಗಸ್ಟ್ 1ರಿಂದ ಅದರ ಮುಖ್ಯ ಪಥದಲ್ಲಿ ಬೈಕು, ಆಟೋಗಳನ್ನು ನಿಷೇಧಿಸಿದ್ದು ಈ ಕಾರಣಕ್ಕೇ.

ನಮ್ಮ ಊರಿನ ವೃತ್ತಗಳನ್ನೇ ನೋಡಿ. ಈಗಾಗಲೇ ವೃತ್ತದೊಳಗೆ ಸುತ್ತುತ್ತಿರುವ ವಾಹನಕ್ಕೆ ಮೊದಲ ಹಕ್ಕು, ಹೊರಗಿನಿಂದ ಬರುವವರು ಕಾಯಬೇಕು ಎಂಬುದು 2017ರ ಚಾಲನಾ ನಿಯಮಗಳಲ್ಲಿದೆ. ವೃತ್ತಗಳ ಊರಾದ ಮೈಸೂರಿನಲ್ಲಿ ದಿನವೂ ಮುರಿಯುವ ನಿಯಮ ಇದೇ ಇರಬೇಕು. ಇದಕ್ಕಾಗಿ ದಂಡ ಕಟ್ಟಿದವರನ್ನು ನಾನಂತೂ ಕಂಡಿಲ್ಲ. ನಾವು ತರಗತಿಯಲ್ಲಿ ಮಾಡುವುದೂ ಹೀಗೆಯೇ. ಸಮವಸ್ತ್ರ, ಕೈಬರಹ, ಹಾಜರಿ ಬೇಗ ಕಣ್ಣಿಗೆ ಬೀಳುತ್ತವೆ, ಅವಕ್ಕೆ ಅಂಕ. ಪಕ್ಕದವನಿಗೆ ಮಾತಾಡಲು ಬಿಟ್ಟವನಿಗೆ ಅಂಕ ಹಾಕುವ ಕಲಂ ನಮ್ಮ ಬಳಿ ಇಲ್ಲ. ಮಕ್ಕಳು ಕಲಂ ಇರುವುದನ್ನಷ್ಟೇ ಕಲಿಯುತ್ತಾರೆ.

ಎರಡು ಪಾಠಗಳಲ್ಲಿ ‘ದಂಡ’, ‘ಪೊಲೀಸ್’ ಎಂಬ ಪದಗಳನ್ನು ಬಳಸದೆ ರಸ್ತೆಯ ಬಗ್ಗೆ ಮಾತಾಡಲು ತೀರ್ಮಾನಿಸಿದೆ.

ಮೊದಲ ಪಾಠದಲ್ಲಿ 30 ಸೆಂ.ಮೀ. ಅಳತೆಪಟ್ಟಿ. ಒಬ್ಬರು ಮೇಲಿನಿಂದ ಬಿಡುವುದು, ಇನ್ನೊಬ್ಬರು ಬೆರಳುಗಳ ನಡುವೆ ಹಿಡಿಯುವುದು. ಹೆಚ್ಚಿನವರು 20 ಸೆಂ.ಮೀ. ಆಸುಪಾಸಿನಲ್ಲಿ ಹಿಡಿದರು. ಅವರೇ ಸೂತ್ರ ಹಾಕಿ ಲೆಕ್ಕ ಮಾಡಿದಾಗ ಸುಮಾರು 0.2 ಸೆಕೆಂಡ್ ಬಂತು. ಆಮೇಲೆ ಹದಿನೇಳರ ಮಗ್ಗಿ ಹೇಳುತ್ತಾ ಹಿಡಿಯಲು ಹೇಳಿದೆ. ಪಟ್ಟಿ ನೆಲಕ್ಕೆ ಬಿತ್ತು. ತರಗತಿ ನಕ್ಕಿತು. ಫೋನಿನಲ್ಲಿ ಮಾತಾಡುತ್ತಾ ಗಾಡಿ ಓಡಿಸುವುದೆಂದರೆ ಇದೇ ಎಂದು ನಾನು ಹೇಳಬೇಕಾಗಲಿಲ್ಲ. “ನಮ್ಮ ಮಾವ ಹಿಂಗೇ ಮಿಸ್, ಭುಜಕ್ಕೆ ಫೋನ್ ಇಟ್ಕೊಂಡು” ಎಂದು ಒಬ್ಬಳು ತಾನೇ ಹೇಳಿದಳು. ರಸ್ತೆಯಲ್ಲಿ ನೋಡಿ, ಯೋಚಿಸಿ, ಬ್ರೇಕ್ ಒತ್ತಲು ಒಂದು ಸೆಕೆಂಡಾದರೂ ಬೇಕು ಎಂದಿಟ್ಟುಕೊಂಡು ಮೈದಾನಕ್ಕೆ ಹೋದೆವು. ಗಂಟೆಗೆ 40 ಕಿ.ಮೀ. ಎಂದರೆ ಸೆಕೆಂಡಿಗೆ 11 ಮೀಟರ್. ಸುಣ್ಣದ ಪುಡಿಯಲ್ಲಿ 11 ಮೀಟರ್ ಗೆರೆ ಎಳೆದು, ಒಂದು ತುದಿಯಲ್ಲಿ ಒಬ್ಬ ಹುಡುಗನನ್ನು ನಿಲ್ಲಿಸಿದೆ. ಬ್ರೇಕ್ ಒತ್ತುವ ಮೊದಲೇ ಗಾಡಿ ಅವನನ್ನು ತಲುಪಿರುತ್ತದೆ. ಆ ಗೆರೆಯನ್ನು ನೋಡುತ್ತಾ ಮಕ್ಕಳು ಸ್ವಲ್ಪ ಹೊತ್ತು ಸುಮ್ಮನಾದರು.

ಎರಡನೇ ಪಾಠದಲ್ಲಿ ಹಳೆಯ ಪ್ರಶ್ನೆಗೇ ಬೇರೆ ದಾರಿಯಿಂದ ಬಂದೆವು. ಗಾಡಿ ನಿಂತರೂ ಸವಾರನ ದೇಹ ಅದೇ ವೇಗದಲ್ಲಿ ಮುಂದುವರಿಯುತ್ತದೆ, ಅದು ಜಡತ್ವ. 40 ಕಿ.ಮೀ. ವೇಗದಲ್ಲಿ ಗೋಡೆಗೆ ಬಡಿದರೆ ಎಷ್ಟು ಎತ್ತರದಿಂದ ಬಿದ್ದ ಹಾಗೆ? ಅವರಿಗೆ ಗೊತ್ತಿರುವ ಚಲನೆಯ ಮೂರನೇ ಸಮೀಕರಣವೇ ಸಾಕು. 6.3 ಮೀಟರ್ ಬಂತು, ಎರಡಂತಸ್ತಿನ ತಾರಸಿ. 60 ಕಿ.ಮೀ.ಗೆ 14 ಮೀಟರ್ ದಾಟಿತು. “ವೇಗ ಒಂದೂವರೆ ಪಟ್ಟು ಜಾಸ್ತಿ ಆದ್ರೆ ಎತ್ತರ ಎರಡು ಪಟ್ಟಿಗಿಂತ ಹೆಚ್ಚಾಯ್ತಲ್ಲ” ಎಂದು ಒಬ್ಬ ಅನುಮಾನದಿಂದ ಮತ್ತೆ ಲೆಕ್ಕ ಹಾಕಿದ. ವರ್ಗದ ಅರ್ಥ ಅಂದು ಆ ಹುಡುಗನಿಗೆ ಹೊಳೆದಷ್ಟು ಚೆನ್ನಾಗಿ ನನಗೆ ಬಿ.ಎಸ್ಸಿ.ಯಲ್ಲೂ ಹೊಳೆದಿರಲಿಲ್ಲ.

ಆ ಪಾಠ ಮುಗಿದು ನಾನು ಸಿಬ್ಬಂದಿ ಕೊಠಡಿಗೆ ಹೋಗುವಾಗ ಒಬ್ಬ ಹುಡುಗ ಹಿಂದೆಯೇ ಬಂದ. ತರಗತಿಯಲ್ಲಿ ಹೆಚ್ಚು ಮಾತಾಡದವನು. “ಮಿಸ್, ನಾನು ದಿನಾ ಅಮ್ಮನ್ನ ರಿಂಗ್ ರೋಡ್‌ಗೆ ಬಿಟ್ಟು ಬರ್ತೀನಿ. ಐದೂ ಮುಕ್ಕಾಲಿಗೆ ಕಂಪನಿ ಬಸ್ಸು. ನಿಧಾನಕ್ಕೇ ಓಡಿಸ್ತೀನಿ. ಹೆಲ್ಮೆಟ್ ಇಬ್ರೂ ಹಾಕ್ಕೋತೀವಿ. ಅದೂ ತಪ್ಪಾ?”

ಈ ಪ್ರಶ್ನೆಗೆ ಅಳತೆಪಟ್ಟಿಯಲ್ಲಿ ಉತ್ತರವಿಲ್ಲ. ಅವನಿಗೆ ಹದಿನಾಲ್ಕು ದಾಟಿದೆ. ಹದಿನೆಂಟಕ್ಕೆ ಮೊದಲು ಸ್ಕೂಟರ್ ಓಡಿಸುವಂತಿಲ್ಲ, 50 ಸಿ.ಸಿ. ಮೀರದ ಗಾಡಿಗೆ ಮಾತ್ರ ಹದಿನಾರು. ಸಿಕ್ಕಿಬಿದ್ದರೆ ತನ್ನನ್ನು ಬೈದು ಕಳಿಸುತ್ತಾರೆ, ಹೆಚ್ಚೆಂದರೆ ಗಾಡಿ ಇಟ್ಟುಕೊಳ್ಳುತ್ತಾರೆ ಎಂದು ಅವನು ತಿಳಿದಿದ್ದ. 199ಎ ಕಲಂ ಹೇಳುವುದು ಬೇರೆ. ಅಪ್ರಾಪ್ತರು ಓಡಿಸಿದ ತಪ್ಪಿಗೆ ಹೊಣೆ ಪೋಷಕರು ಅಥವಾ ಮಾಲೀಕರು. 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು, ಗಾಡಿಯ ನೋಂದಣಿ ಹನ್ನೆರಡು ತಿಂಗಳು ರದ್ದು. ಆ ಹುಡುಗನಿಗೆ ಇಪ್ಪತ್ತೈದು ತುಂಬುವವರೆಗೆ ಲೈಸೆನ್ಸೂ ಇಲ್ಲ.

ಇದನ್ನು ಹೆದರಿಸುವ ದನಿಯಲ್ಲಿ ಹೇಳಬಾರದೆಂದು ಅವನನ್ನು ಕೂರಿಸಿಕೊಂಡು ಒಂದೊಂದಾಗಿ ವಿವರಿಸಿದೆ. ದಂಡದ ಮೊತ್ತಕ್ಕಿಂತ ಅವನನ್ನು ತಟ್ಟಿದ್ದು, “ಕೋರ್ಟಿಗೆ ಅಮ್ಮ ಹೋಗ್ಬೇಕಾ?” ಎಂಬುದು. ತರಗತಿ ಶಿಕ್ಷಕರ ಜೊತೆ ಮಾತಾಡಿ, ಶನಿವಾರ ತಾಯಿಯನ್ನು ಬರಹೇಳಿದೆವು. ಆಕೆ ಅಂದದ್ದು ಇಷ್ಟೇ: “ಆ ಹೊತ್ತಿಗೆ ಬಸ್ ಇಲ್ಲ ಮೇಡಂ, ಆಟೋಗೆ ದಿನಾ ಕೊಟ್ರೆ ಸಂಬಳದಲ್ಲಿ ಏನುಳಿಯುತ್ತೆ?” ನಮ್ಮ ಬಳಿ ಅದಕ್ಕೂ ಉತ್ತರವಿರಲಿಲ್ಲ. ಮಾತಿನ ನಡುವೆ ತರಗತಿ ಶಿಕ್ಷಕರು, “ಗಾಡಿ ನಿಮ್ಮದೇ ತಾನೇ, ನೀವೇ ಕಲಿಯಬಹುದಲ್ಲಮ್ಮ” ಎಂದರು. ಆಕೆ ನಕ್ಕು ತಲೆ ಅಲ್ಲಾಡಿಸಿದರು. ಎರಡು ವಾರದ ನಂತರ ಹುಡುಗ ಹೇಳಿದ ಪ್ರಕಾರ, ಸದ್ಯಕ್ಕೆ ಅದೇ ಕಂಪನಿಗೆ ಹೋಗುವ ಪಕ್ಕದ ಬೀದಿಯವರ ಗಾಡಿಯಲ್ಲಿ ಹೋಗುತ್ತಿದ್ದಾರೆ, ಭಾನುವಾರ ಮೈದಾನದಲ್ಲಿ ಅಮ್ಮ ಸ್ಕೂಟರ್ ಕಲಿಯುತ್ತಿದ್ದಾರೆ. ನನ್ನ ಇಂಟರ್ನ್‌ಶಿಪ್ ಅಷ್ಟರಲ್ಲಿ ಮುಗಿಯಿತು. ಪಕ್ಕದ ಬೀದಿಯವರು ರಜೆ ಹಾಕಿದ ದಿನ ಏನಾಗುತ್ತದೋ ನನಗೆ ಗೊತ್ತಿಲ್ಲ.

ಆ ಹುಡುಗನಿಂದ ನನಗೆ ಸ್ಪಷ್ಟವಾದದ್ದು ಒಂದಿದೆ. ಕಾನೂನು ಗೊತ್ತಿಲ್ಲದೆ ಮುರಿಯುವವರು, ಗೊತ್ತಿದ್ದೂ ಆಟವಾಗಿ ಮುರಿಯುವವರು, ಬೇರೆ ದಾರಿ ಕಾಣದೆ ಮುರಿಯುವವರು ಒಂದೇ ತರಗತಿಯಲ್ಲಿ ಕುಳಿತಿರುತ್ತಾರೆ. ರಸ್ತೆಯಲ್ಲಿ ಮೂವರಿಗೂ ಒಂದೇ ಚಲನ್. ಅದು ಹಾಗೆಯೇ ಇರಬೇಕು ಕೂಡ, ಗೆರೆಯ ತುದಿಯಲ್ಲಿ ನಿಂತವನಿಗೆ ಗಾಡಿ ಓಡಿಸಿದವರ ಕಷ್ಟದಿಂದ ಪೆಟ್ಟು ಕಡಿಮೆಯಾಗುವುದಿಲ್ಲ. ಆದರೆ ಶಾಲೆಯಲ್ಲಿ ಮೂವರನ್ನೂ ಬೇರೆ ಬೇರೆಯಾಗಿ ಕೂರಿಸಿಕೊಂಡು ಮಾತಾಡಲು ನಮಗೆ ಅವಕಾಶವಿದೆ. ಆ ಅವಕಾಶ ಪೊಲೀಸರಿಗಿಲ್ಲ.

ಸಹ ಪ್ರಶಿಕ್ಷಣಾರ್ಥಿಗಳಿಗೆ ಕೆಲವು ಸಲಹೆಗಳು. ರಸ್ತೆ ಸುರಕ್ಷತೆಯನ್ನು ಭಿತ್ತಿಪತ್ರ ಸ್ಪರ್ಧೆಗೆ ಬಿಡದೆ ನಿಮ್ಮ ವಿಷಯದೊಳಗೇ ತನ್ನಿ. ಗಣಿತದವರು ಪಾದಚಾರಿ ಮಾರ್ಗದಲ್ಲಿ ಶಿಕ್ಷಕರ ಜೊತೆ ಸುರಕ್ಷಿತವಾಗಿ ನಿಂತು, ವೃತ್ತದಲ್ಲಿ ಎಷ್ಟು ವಾಹನ ಕಾದವು, ಎಷ್ಟು ನುಗ್ಗಿದವು ಎಂದು ಎಣಿಸಿ ನಕ್ಷೆ ಬರೆಸಬಹುದು. ಸಮಾಜ ವಿಜ್ಞಾನದವರು 199ಎ ಕಲಮನ್ನು ಮಕ್ಕಳ ಮಾತಿನಲ್ಲಿ ಓದಿಸಬಹುದು. ಭಾಷಾ ಶಿಕ್ಷಕರು ಬೆಳಗಿನ ಬಸ್ಸಿಗಾಗಿ ಸಾರಿಗೆ ಅಧಿಕಾರಿಗಳಿಗೆ ಮನವಿ ಪತ್ರ ಬರೆಸಬಹುದು; ನಮ್ಮ ತರಗತಿಯಲ್ಲಿ ಅದಕ್ಕೆ ನಿಜವಾದ ಕಾರಣವಿತ್ತು. ಮೌಲ್ಯಮಾಪನದಲ್ಲಿ ‘ದಂಡ ಎಷ್ಟು?’ ಎಂದು ಕೇಳದೆ, ‘ರಾತ್ರಿ ಹನ್ನೊಂದು ಗಂಟೆ, ಕೆಂಪು ದೀಪ, ಯಾರೂ ಇಲ್ಲ. ನೀನೇನು ಮಾಡುವೆ, ಏಕೆ?’ ಎಂದು ಕೇಳಿ. ಉತ್ತರಕ್ಕಿಂತ ‘ಏಕೆ’ಗೆ ಹೆಚ್ಚು ಅಂಕ ಇಡಿ.

ಮೂರೂ ಪಾಠಯೋಜನೆಗಳ ಪ್ರತಿಯನ್ನು ಕಾಲೇಜಿನ ಗ್ರಂಥಾಲಯದಲ್ಲಿ ಇಟ್ಟಿದ್ದೇನೆ. ಮುಂದಿನ ತಂಡದವರು ತಮ್ಮ ಶಾಲೆಯ ಪಕ್ಕದ ಸರ್ಕಲ್‌ಗೆ ತಕ್ಕಂತೆ ಬದಲಿಸಿಕೊಳ್ಳಬಹುದು. ಸುಣ್ಣದ ಪುಡಿ ಮಾತ್ರ ಸ್ವಲ್ಪ ಹೆಚ್ಚೇ ಇಟ್ಟುಕೊಳ್ಳಿ, 11 ಮೀಟರ್ ನೀವು ಅಂದುಕೊಂಡದ್ದಕ್ಕಿಂತ ಉದ್ದ.