ಸುಪೀರಿಯರ್ ಸರೋವರದಲ್ಲಿ ಮೂರು ದಿನ

ನನ್ನ ಹಳೆಯ ವಿದ್ಯಾರ್ಥಿಗಳಿಗೆ ನೆನಪಿರಬಹುದು. ಉತ್ತರ ಅಮೆರಿಕದ ಪಂಚ ಮಹಾಸರೋವರಗಳ ಹೆಸರನ್ನು ತಪ್ಪಿಲ್ಲದೆ ಹೇಳಲಾರದವರನ್ನು ನಾನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆ. ಸುಪೀರಿಯರ್, ಮಿಷಿಗನ್, ಹ್ಯೂರಾನ್, ಈರಿ, ಒಂಟಾರಿಯೊ. ಮೂವತ್ತಕ್ಕೂ ಹೆಚ್ಚು ವರ್ಷ ಗೋಡೆಯ ನಕ್ಷೆಯ ಮೇಲೆ ಕೋಲಿನಿಂದ ಇವನ್ನು ತೋರಿಸಿದ ನಾನು, ನಿವೃತ್ತನಾದ ವರ್ಷ, ಎಂದರೆ 2019ರ ಆಗಸ್ಟಿನಲ್ಲಿ, ಆ ಮೊದಲನೆಯ ಸರೋವರದ ನೀರಿನಲ್ಲಿ ತಲೆಕೆಳಗಾಗಿ ನೇತಾಡುತ್ತಿದ್ದೆ. ನಿಮ್ಮಲ್ಲಿ ಕೆಲವರಿಗೆ ಇದನ್ನು ಕೇಳಿ ಸಮಾಧಾನವಾದರೆ ಆಶ್ಚರ್ಯವಿಲ್ಲ.

ಮಗಳ ಮನೆ ಮಿನಿಯಾಪೋಲಿಸ್ ನಗರದಲ್ಲಿ. ಮೊಮ್ಮಗಳಿಗೆ ಆಗ ಹದಿಮೂರು ವರ್ಷ. ಬೇಸಗೆಯ ರಜೆಯಲ್ಲಿ ವಿಸ್ಕಾನ್ಸಿನ್ ರಾಜ್ಯದ ಉತ್ತರ ತುದಿಯ ಅಪೋಸಲ್ ದ್ವೀಪಗಳಿಗೆ ಮೂರು ದಿನದ ಕಯಾಕ್ ಯಾತ್ರೆಗೆ ಹೋಗಬೇಕೆಂದು ಅವಳು ಹಟ ಹಿಡಿದಿದ್ದಳು. ಕೊನೆಯ ಗಳಿಗೆಯಲ್ಲಿ ಅಳಿಯನಿಗೆ ಕಚೇರಿಯ ಕೆಲಸ ಬಂದು ಜೋಡಿ ಕಯಾಕಿನಲ್ಲಿ ಒಂದು ಜಾಗ ತೆರವಾಯಿತು. "ಅಜ್ಜ, ನಿಮಗೆ ಈಜು ಬರುತ್ತದಲ್ಲ?" ಎಂದಳು. ಬರುತ್ತದೆ ಎಂಬ ಸತ್ಯವನ್ನು ಹೇಳಿಬಿಟ್ಟೆ. ನೀರೆಂದರೆ ನನಗೆ ಆಗದು ಎಂಬ ಇನ್ನೊಂದು ಸತ್ಯವನ್ನು ಹೇಳಲಿಲ್ಲ.

ನಾಲ್ಕು ಗಂಟೆಯ ದಾರಿ. ಬೇಫೀಲ್ಡ್ ಎಂಬ ಪುಟ್ಟ ಊರನ್ನು ದಾಟಿದ ಮೇಲೆ ರೆಡ್ ಕ್ಲಿಫ್ ಎಂಬ, ಒಜಿಬ್ವೆ ಜನರ ಮೀಸಲು ಪ್ರದೇಶ ಬರುತ್ತದೆ. ಈ ಸರೋವರವನ್ನು ಅವರು ಗಿಚಿಗಾಮಿ, ಮಹಾಸಮುದ್ರ, ಎನ್ನುತ್ತಾರೆ. ಆ ಹೆಸರೇ ಸರಿ. ವಿಸ್ತಾರ ಸುಮಾರು 82,000 ಚದರ ಕಿಲೋಮೀಟರ್, ಎಂದರೆ ನಮ್ಮ ಕರ್ನಾಟಕದ ಐದರಲ್ಲಿ ಎರಡು ಪಾಲಿಗಿಂತ ಹೆಚ್ಚು. ಅತ್ಯಂತ ಆಳದ ಕಡೆ 406 ಮೀಟರ್. ನಮ್ಮ ಮಾರ್ಗದರ್ಶಿ ಇಪ್ಪತ್ತೈದರ ಆಸುಪಾಸಿನ ತರುಣಿ. 1850ರಲ್ಲಿ ಆ ಜನರನ್ನು ಇಲ್ಲಿಂದ ಪಶ್ಚಿಮಕ್ಕೆ ಅಟ್ಟಲು ಸರಕಾರ ಹೊರಟದ್ದನ್ನೂ, ಅವರಿಗೆ ಸಲ್ಲಬೇಕಾದ ವಾರ್ಷಿಕ ಹಣವನ್ನು ದೂರದ ಸ್ಯಾಂಡಿ ಲೇಕ್‌ನಲ್ಲಿ ಕೊಡುವುದಾಗಿ ಚಳಿಗಾಲದ ಬಾಗಿಲಲ್ಲಿ ಕರೆಸಿ ಕಾಯಿಸಿದ್ದರಿಂದ ನೂರಾರು ಮಂದಿ ಹಸಿವು, ರೋಗಗಳಿಂದ ಸತ್ತದ್ದನ್ನೂ ಆಕೆ ವ್ಯಾನು ನಡೆಸುತ್ತಲೇ ಹೇಳಿದಳು. 1852ರಲ್ಲಿ ಮುಖಂಡ ಕೆಚೆವೈಷ್ಕೆ, ತೊಂಬತ್ತು ದಾಟಿದ್ದನೆನ್ನಲಾದ ಮುದುಕ, ಭೂರ್ಜದ ತೊಗಟೆಯ ದೋಣಿಯಲ್ಲಿ ಇದೇ ನೀರಿನ ಮೇಲೆ ಹೊರಟು ವಾಷಿಂಗ್ಟನ್ ತಲುಪಿ, ಅಧ್ಯಕ್ಷ ಫಿಲ್ಮೋರ್‌ನನ್ನು ಕಂಡು, ಎತ್ತಂಗಡಿಯ ಆಜ್ಞೆಯನ್ನು ರದ್ದು ಮಾಡಿಸಿದನಂತೆ. 1854ರ ಒಪ್ಪಂದದಲ್ಲಿ ಅವರಿಗೆ ಇಲ್ಲಿಯೇ ನೆಲ ಉಳಿಯಿತು.

ನಾನು ಕಿಟಕಿಯ ಹೊರಗೆ ನೋಡುತ್ತಾ ನನ್ನ ಅಜ್ಜನನ್ನು ನೆನೆದೆ. ಅವರೂ ಅರ್ಜಿ ಹಿಡಿದು ಕಚೇರಿಯೊಂದಕ್ಕೆ ಹೋಗಿದ್ದರು. ಸಂಜೆಯವರೆಗೆ ಜಗಲಿಯಲ್ಲಿ ಕುಳಿತು ಹಿಂದಿರುಗಿದ್ದರು.

ಲಿಟಲ್ ಸ್ಯಾಂಡ್ ಬೇ ಎಂಬ ಕೊಲ್ಲಿಯಲ್ಲಿ ನಮ್ಮ ಶಿಕ್ಷಣ ಆರಂಭವಾಯಿತು. ಮೈಗಂಟುವ ರಬ್ಬರಿನ ಉಡುಪು, ಅದರ ಮೇಲೆ ತೇಲುಕವಚ. ಎಲ್ಲಕ್ಕಿಂತ ಮೇಲೆ, ದೋಣಿಯ ಕುಳಿಗೆ ನೀರು ನುಗ್ಗದಂತೆ ಅಂಚಿಗೆ ಬಿಗಿಯುವ ಒಂದು ಲಂಗ. ಅರುವತ್ತನೆಯ ವಯಸ್ಸಿನಲ್ಲಿ ಲಂಗ ಉಟ್ಟ ನನ್ನ ಚಿತ್ರವನ್ನು ಮೊಮ್ಮಗಳು ತೆಗೆದಿದ್ದಾಳೆ, ಇಲ್ಲಿ ಹಾಕುವುದಿಲ್ಲ. ಈ ಸರೋವರದಲ್ಲಿ ಮನುಷ್ಯನನ್ನು ಕೊಲ್ಲುವುದು ಆಳಕ್ಕಿಂತ ಹೆಚ್ಚಾಗಿ ಚಳಿ. ತಣ್ಣೀರಿಗೆ ಬಿದ್ದೊಡನೆ ತಾನಾಗಿ ಏದುಸಿರು ಬರುತ್ತದೆ, ಆ ಉಸಿರಿನಲ್ಲಿ ನೀರು ಹೋಗುತ್ತದೆ. ಅದನ್ನು ತಪ್ಪಿಸಿಕೊಂಡರೂ ಕೆಲವೇ ನಿಮಿಷಗಳಲ್ಲಿ ಕೈಕಾಲು ಮಾತು ಕೇಳುವುದಿಲ್ಲ. ಆದ್ದರಿಂದ ದೋಣಿ ಮಗುಚಿದರೆ ಹೊರಬರುವ ಪಾಠ ಮೊದಲು. ಮಗುಚು, ದೋಣಿಯ ತಳವನ್ನು ಮೂರು ಬಾರಿ ತಟ್ಟು, ಲಂಗದ ಮುಂದಿನ ಕುಣಿಕೆಯನ್ನು ಎಳೆ, ಹೊರಗೆ ಜಾರು.

ಮಗುಚಿದೆ. ಕಣ್ಣು ಮುಚ್ಚಿಕೊಳ್ಳಬೇಕೆಂದಿದ್ದೆ, ಆಗಲಿಲ್ಲ. ನೀರು ಗಾಜಿನಷ್ಟು ತಿಳಿ. ಅಡಿಯಲ್ಲಿ ಸಣ್ಣ ಕಲ್ಲುಗಳು, ಒಂದು ಮರದ ದಿಮ್ಮಿ, ಹಸಿರು ಬೆಳಕು. ನನ್ನ ಬಾಲ್ಯದ ದುಃಸ್ವಪ್ನದಲ್ಲಿ ಬರುತ್ತಿದ್ದುದು ಇದೇ ಬೆಳಕು. ಅದರಲ್ಲಿ ನಮ್ಮ ಮನೆಯ ಮೆಟ್ಟಿಲುಗಳು ಇರುತ್ತಿದ್ದವು. ಮೂರು ಬಾರಿ ತಟ್ಟುವುದನ್ನು ಮರೆತು ಕುಣಿಕೆ ಎಳೆದು ಮೇಲೆ ಬಂದೆ. ಮಾರ್ಗದರ್ಶಿ ತೇರ್ಗಡೆ ಮಾಡಿದಳು. ನಾನಾಗಿದ್ದರೆ ಇನ್ನೊಮ್ಮೆ ಮಾಡಿಸುತ್ತಿದ್ದೆ.

ಈ ದ್ವೀಪಗಳು ಒಟ್ಟು 22. ಮೆಡಲೀನ್ ಒಂದನ್ನು ಬಿಟ್ಟು ಉಳಿದ 21 ದ್ವೀಪಗಳು 1970ರಲ್ಲಿ ಆದ ರಾಷ್ಟ್ರೀಯ ಸಂರಕ್ಷಿತ ತೀರಕ್ಕೆ ಸೇರಿವೆ. ನಾವು ದಾಟಿದ್ದು ಸ್ಯಾಂಡ್ ದ್ವೀಪಕ್ಕೆ, ಸುಮಾರು ನಾಲ್ಕು ಕಿಲೋಮೀಟರ್. ಮುಂದೆ ಮೊಮ್ಮಗಳು, ಹಿಂದೆ ಕಾಲಿನಿಂದ ಚುಕ್ಕಾಣಿ ತಿರುಗಿಸುವ ನಾನು. ಹುಟ್ಟು ಹಾಕುವುದು ತೋಳಿನ ಕೆಲಸವೆಂದು ಭಾವಿಸಿದ್ದೆ. ಅಲ್ಲ, ಸೊಂಟ ತಿರುಗಬೇಕು, ಹುಟ್ಟು ಹಾಕುವ ಬದಿಯ ಕಾಲು ಒತ್ತಬೇಕು. ಅಲೆಯನ್ನು ಎದುರಿಸಿ ಬಿಗಿದು ಕುಳಿತಷ್ಟೂ ದೋಣಿ ಓಲಾಡುತ್ತದೆ; ಸೊಂಟ ಸಡಿಲ ಬಿಟ್ಟರೆ ಅದು ತಾನೇ ನೆಟ್ಟಗಾಗುತ್ತದೆ. ಮೇಷ್ಟರ ಸೊಂಟಕ್ಕೆ ಸಡಿಲವಾಗುವುದು ಸುಲಭವಲ್ಲ. ದಾಟಲು ಒಂದೂವರೆ ಗಂಟೆ ಬೇಕಾಯಿತು.

ಆ ವರ್ಷ ಸರೋವರದ ನೀರು ದಾಖಲೆಯ ಮಟ್ಟಕ್ಕೆ ಏರಿತ್ತು. ಮರಳಿನ ತೀರ ಕಿರಿದಾಗಿ, ದಡದ ಮರಗಳು ಬೇರು ಕಳಚಿಕೊಂಡು ನೀರಿಗೆ ಬಾಗಿದ್ದವು. ಡೇರೆ ಹಾಕಿ, ಕರಡಿಗಳಿಗೆ ಸಿಗದಂತೆ ಊಟದ ಸಾಮಾನನ್ನು ಕಬ್ಬಿಣದ ಪೆಟ್ಟಿಗೆಯಲ್ಲಿ ಬೀಗಿಸಿ ಮಲಗಿದೆವು.

ಮರುದಿನ ಯಾರ್ಕ್ ದ್ವೀಪಕ್ಕೆ ಹೋಗುವುದೆಂದಿತ್ತು. ಬೆಳಿಗ್ಗೆ ರೇಡಿಯೋದಲ್ಲಿ ಈಶಾನ್ಯದ ಗಾಳಿಯ ಎಚ್ಚರಿಕೆ ಬಂತು. ಮಾರ್ಗದರ್ಶಿ ಎರಡನೆಯ ಮಾತಿಲ್ಲದೆ ಯಾತ್ರೆ ನಿಲ್ಲಿಸಿದಳು. ಒಬ್ಬಿಬ್ಬರು ಗೊಣಗಿದರು, ನನಗೆ ಒಳಗೊಳಗೇ ಸಂತೋಷ. ದ್ವೀಪದ ಉತ್ತರ ತುದಿಯಲ್ಲಿ 1881ರಲ್ಲಿ ಕಂದುಗಲ್ಲಿನಿಂದ ಕಟ್ಟಿದ ದೀಪಸ್ತಂಭವಿದೆ. ಅಲ್ಲಿಗೆ ನಡೆದು ಹೋದೆವು.

ದೀಪಸ್ತಂಭ ಚೆನ್ನಾಗಿತ್ತು. ನಾನು ಹೇಳಬೇಕಾದದ್ದು ದಾರಿಯ ಸಂಗತಿ. ದಟ್ಟ ಕಾಡಿನ ನಡುವೆ ಇದ್ದಕ್ಕಿದ್ದಂತೆ ಬಯಲು, ಅದರ ಅಂಚಿನಲ್ಲಿ ಸೇಬಿನ ಮರಗಳು, ಸ್ವಲ್ಪ ಮುಂದೆ ತುಕ್ಕು ಹಿಡಿದ ಹಳೆಯ ಕಾರಿನ ಅವಶೇಷ. ಇಲ್ಲಿ ಒಂದು ಊರಿತ್ತು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ನಾರ್ವೆಯಿಂದ ಬಂದವರು ಮೀನು ಹಿಡಿದು, ಕಾಡು ಕಡಿದು ಬೇಸಾಯ ಮಾಡಿಕೊಂಡು ಬದುಕಿದ್ದರು. ಅಂಚೆ ಕಚೇರಿಯಿತ್ತು, ಶಾಲೆಯಿತ್ತು. ಶಾಲೆ ಮುಚ್ಚಿತು, ಜನ ಒಬ್ಬೊಬ್ಬರಾಗಿ ದಡ ಸೇರಿದರು. 1940ರ ದಶಕದಲ್ಲಿ, ವರ್ಷವಿಡೀ ಇದ್ದ ಕೊನೆಯ ಸಂಸಾರವೂ ಹೊರಟಿತು. ಇಲ್ಲಿ ಹೊಲವಿತ್ತು, ಇಲ್ಲಿ ಅಡುಗೆಮನೆ, ಇದು ಬಾವಿಯ ಗುರುತು ಎಂದು ಮಾರ್ಗದರ್ಶಿ ತೋರಿಸುತ್ತಾ ಹೋದಳು. ಆಕೆ ಆ ಊರಿನವಳಲ್ಲ. ಯಾತ್ರಿಕರಿಗೆ ಹೇಳಲೆಂದು ಕಲಿತವಳು.

ಆಗ ಮೊಮ್ಮಗಳು ಕೇಳಿದಳು: "ಅಜ್ಜ, ನಿಮ್ಮ ಊರೂ ಹೀಗೆಯೇ ಇದೆಯಾ? ಅಮ್ಮ ಹೇಳಿದಳು, ಅದು ನೀರಿನೊಳಗೆ ಇದೆಯಂತೆ."

ಮಗಳಿಗೆ ಅದನ್ನು ಹೇಳಿದವಳು ನನ್ನ ಹೆಂಡತಿಯಿರಬೇಕು. ನಾನು ಹೇಳಿರಲಿಲ್ಲ.

ಶರಾವತಿಗೆ ಲಿಂಗನಮಕ್ಕಿಯಲ್ಲಿ ಅಣೆಕಟ್ಟು ಕಟ್ಟಿ 1964ರಲ್ಲಿ ನೀರು ನಿಲ್ಲಿಸಿದಾಗ ನನಗೆ ಐದು ವರ್ಷ. ಪಾತ್ರೆ, ದನದ ಹಗ್ಗ, ದೇವರ ಪೆಟ್ಟಿಗೆಗಳ ಜೊತೆ ನಮ್ಮನ್ನು ಲಾರಿಯಲ್ಲಿ ಹೇರಿ ತಂದು ಬೇರೊಂದು ಕಾಡಿನಲ್ಲಿ ಇಳಿಸಿದರು. ನಮ್ಮ ಬೆಟ್ಟದ ತುದಿ ಈಗ ಒಂದು ದ್ವೀಪ. ಬೇಸಗೆಯಲ್ಲಿ ನೀರಿಳಿದಾಗ ಹಳೆಯ ರಸ್ತೆಗಳೂ 1948ರ ಮಡೇನೂರು ಅಣೆಕಟ್ಟೆಯೂ ಕಾಣುತ್ತವೆಂದು ಜನ ನೋಡಲು ಹೋಗುತ್ತಾರೆ. ನಾನು ಒಮ್ಮೆಯೂ ಹೋಗಿರಲಿಲ್ಲ. ಹಿನ್ನೀರಿನ ಲಾಂಚಿನಲ್ಲಿ ಸಿಗಂದೂರಿಗೆ ಹೋಗುವಾಗಲೂ ನೀರಿಗೆ ಬೆನ್ನು ಮಾಡಿ ನಿಲ್ಲುತ್ತಿದ್ದೆ.

ಇದನ್ನು ಬರೆಯಲು ಕುಳಿತದ್ದೇ ಬೇರೊಂದು ಕಾರಣಕ್ಕೆ. ತೊಂಬತ್ತರ ದಶಕದಲ್ಲಿ ಒಂಬತ್ತನೆಯ ತರಗತಿಗೆ ನದೀಕಣಿವೆ ಯೋಜನೆಗಳ ಪಾಠ ಮಾಡುತ್ತಿದ್ದೆ. ಪೂರ್ಣ ಮಟ್ಟ 1819 ಅಡಿ ಎಂದು ಕಪ್ಪುಹಲಗೆಯ ಮೇಲೆ ಬರೆದೆ, ನಾಡಿಗೆ ಬಂದ ಬೆಳಕನ್ನು ಹೊಗಳಿದೆ. (ನಮ್ಮ ಹೊಸ ಮನೆಗೆ ಆ ಬೆಳಕು ಬಂದದ್ದು ನಾನು ಎಂಟನೆಯ ತರಗತಿಯಲ್ಲಿದ್ದಾಗ.) ಹಿಂದಿನ ಬೆಂಚಿನ ಒಬ್ಬ ಹುಡುಗಿ ಎದ್ದು ನಿಂತು, "ಸಾರ್, ನೀರು ನಿಲ್ಲುವ ಮೊದಲು ಅಲ್ಲಿ ಏನಿತ್ತು?" ಎಂದಳು. ಮುಳುಗಡೆಯ ಮನೆತನದ ಹುಡುಗಿ. ನನ್ನದೂ ಅದೇ ಎಂಬುದು ಅವಳಿಗೆ ತಿಳಿದಿತ್ತೋ ಇಲ್ಲವೋ. "ಕಾಡಿತ್ತು. ಅದು ಪರೀಕ್ಷೆಗೆ ಬರುವುದಿಲ್ಲ, ಕುಳಿತುಕೋ" ಎಂದೆ. ಅವಳು ತಕ್ಷಣ ಕುಳಿತುಕೊಳ್ಳಲಿಲ್ಲ. ಸ್ವಲ್ಪ ಹೊತ್ತು ನನ್ನನ್ನೇ ನೋಡಿ, ಆಮೇಲೆ ಕುಳಿತಳು. ಆ ವರ್ಷ ಪೂರ್ತಿ ಮತ್ತೊಂದು ಪ್ರಶ್ನೆ ಕೇಳಲಿಲ್ಲ.

ಸ್ಯಾಂಡ್ ದ್ವೀಪದಲ್ಲಿ ಆ ರಾತ್ರಿ ಗಾಳಿ ಅಡಗಿದ ಮೇಲೆ ಬೆಂಕಿಯ ಮುಂದೆ ಕುಳಿತು ಮೊಮ್ಮಗಳಿಗೆ ಎಲ್ಲವನ್ನೂ ಹೇಳಿದೆ. ಐದು ವರ್ಷದವನಿಗೆ ನೆನಪಿರುವುದು ಎಷ್ಟು? ಅರ್ಧ ನನ್ನದು, ಅರ್ಧ ಅಮ್ಮನ ಬಾಯಿಂದ ಬಂದದ್ದು. ಅವಳು ಕಡ್ಡಿಯಿಂದ ಮರಳಿನಲ್ಲಿ ಊರಿನ ನಕ್ಷೆ ಬರೆಯುತ್ತಾ, "ಹೊಳೆ ಯಾವ ಕಡೆ? ಮನೆಯ ಬಾಗಿಲು ಯಾವ ಕಡೆ?" ಎಂದು ಕೇಳುತ್ತಾ ಹೋದಳು. ದಿಕ್ಕುಗಳನ್ನು ಕಲಿಸಿಯೇ ಜೀವನ ಸವೆಸಿದ ನನಗೆ ನಮ್ಮ ಮನೆಯ ಬಾಗಿಲು ಯಾವ ದಿಕ್ಕಿಗಿತ್ತೆಂದು ಹೇಳಲು ಬಹಳ ಹೊತ್ತು ಬೇಕಾಯಿತು.

ಮೂರನೆಯ ಬೆಳಗ್ಗೆ ಸರೋವರ ಎಣ್ಣೆ ಸುರಿದಂತೆ ಶಾಂತವಾಗಿತ್ತು. ಸ್ವಾಲೋ ಪಾಯಿಂಟ್ ಎಂಬಲ್ಲಿ ಅಲೆ ಕೊರೆದ ಮರಳುಗಲ್ಲಿನ ಗುಹೆಗಳಿವೆ. ತಲೆ ಬಗ್ಗಿಸಿ ಒಳಗೆ ಹೊಕ್ಕು ಹುಟ್ಟು ನಿಲ್ಲಿಸಿದರೆ ಗೋಡೆಯೊಳಗೆ ಗುಳುಂ ಎಂಬ ಸದ್ದು ಮಾತ್ರ. ನಾನು ದೋಣಿಯ ಅಂಚಿನಿಂದ ಬಾಗಿ ನೀರನ್ನು ನೋಡಿದೆ, ತಳ ಕಾಣುವಷ್ಟು ದೂರ ನೋಡಿದೆ. ಆಮೇಲೆ ದಡಕ್ಕೆ ಮರಳಿದೆವು. ಮರಳುವಾಗ ಒಂದು ಗಂಟೆ ಐದು ನಿಮಿಷ.

ಆ ಹುಡುಗಿಗೆ ಈಗ ನಲವತ್ತು ದಾಟಿರಬೇಕು. ನಿಮ್ಮಲ್ಲಿ ಯಾರಾದರೂ ಅವಳನ್ನು ಬಲ್ಲಿರಾದರೆ ಇದನ್ನು ಓದಿ ಹೇಳಿ. ಅಲ್ಲಿ ಪೂರ್ವಕ್ಕೆ ಬಾಗಿಲಿದ್ದ ನಮ್ಮ ಮನೆಯಿತ್ತು. ಎದುರಿಗೆ ಎರಡು ಹಲಸು, ಒಂದು ಬಕ್ಕೆ, ಒಂದು ಬಿಳುವ. ಕೆಳಗೆ ತೋಟ, ತೋಟದಾಚೆ ಗದ್ದೆ, ಗದ್ದೆಯಾಚೆ ಹೊಳೆ. ಹೊಳೆಗೆ ಇಳಿಯಲು ಹನ್ನೊಂದು ಕಲ್ಲುಮೆಟ್ಟಿಲು, ಏಳನೆಯದು ಅಲುಗಾಡುತ್ತಿತ್ತು. ಆಚೆ ದಡದಲ್ಲಿ ಹದಿನಾಲ್ಕು ಒಲೆ ಉರಿಯುತ್ತಿದ್ದ ಇನ್ನೊಂದು ಕೇರಿಯಿತ್ತು. ಅವಳ ಅಜ್ಜನ ಮನೆ ಬಹುಶಃ ಆ ಕೇರಿಯಲ್ಲಿತ್ತು.