ಸಿರಾಕ್ಯೂಸಿನ ಜೊಂಡು

ಗ್ರೀಕರ ಹಳೇ ಊರು ನೋಡಿಕೊಂಡು ಬಂದೆವು ಎಂದರೆ ಕೇಳಿದವರೆಲ್ಲ ‘ಅಥೆನ್ಸಾ?’ ಎನ್ನುತ್ತಾರೆ. ಅಲ್ಲ, ಇಟಲಿಗೆ ಹೋಗಿದ್ದೆವು ಎಂದರೆ, ಪಾಪ, ನಿವೃತ್ತಿಯಾದ ಮೇಲೆ ಮೇಷ್ಟ್ರಿಗೆ ಹೀಗಾಗಿದೆ ಎಂಬಂತೆ ನನ್ನ ಹೆಂಡತಿಯ ಮುಖ ನೋಡುತ್ತಾರೆ. ತಪ್ಪು ಅವರದಲ್ಲ. ಸಿಸಿಲಿ ದ್ವೀಪದ ಸಿರಾಕ್ಯೂಸ್ ಇಂದು ಇಟಲಿಯ ಒಂದು ಮಧ್ಯಮ ಗಾತ್ರದ ಪಟ್ಟಣ. ಆದರೆ ಕ್ರಿಸ್ತಪೂರ್ವ 8ನೇ ಶತಮಾನದಲ್ಲಿ ಕೊರಿಂಥ್‌ನಿಂದ ಹಡಗು ಹತ್ತಿ ಬಂದ ಗ್ರೀಕರು ಕಟ್ಟಿದ ಊರು ಅದು. ಬೆಳೆದು ಬೆಳೆದು ಕೊನೆಗೆ ಅಥೆನ್ಸಿಗೇ ಸೆಡ್ಡು ಹೊಡೆಯಿತು. ಗ್ರೀಕ್ ಊರುಗಳಲ್ಲೆಲ್ಲ ಇದೇ ದೊಡ್ಡದು, ಇದೇ ಚೆಂದದ್ದು ಎಂದು ರೋಮಿನ ಸಿಸೆರೊ ಹೊಗಳಿದ್ದ. ಆರ್ಕಿಮಿಡೀಸ್ ಹುಟ್ಟಿದ್ದೂ ರೋಮನ್ ಸಿಪಾಯಿಯ ಕತ್ತಿಗೆ ಸಿಕ್ಕಿ ಸತ್ತದ್ದೂ ಇಲ್ಲೇ. ಅವನ ಹೆಸರಿನಲ್ಲಿ ಚೌಕವಿದೆ, ಅಂಗಡಿಗಳಲ್ಲಿ ಗೊಂಬೆಗಳಿವೆ. ಗಣಿತದಲ್ಲಿ ಮೂವತ್ತೈದಕ್ಕೆ ಪಾಸಾದವನು ನಾನು. ಆತನಿಗೆ ದೂರದಿಂದಲೇ ಕೈ ಮುಗಿದು ಮುಂದೆ ಹೋದೆ.

ಹಳೇ ಊರಿನ ಗರ್ಭ ಒರ್ಟೀಜಿಯಾ ಎಂಬ ಪುಟ್ಟ ದ್ವೀಪ. ಸೇತುವೆ ದಾಟಿದ ಕೂಡಲೇ ಎದುರಾಗುವುದು ಅಪೊಲೊ ಗುಡಿಯ ಮುರುಕು ಕಂಬಗಳು. ಅದರ ಪಕ್ಕದಲ್ಲೇ ಮೀನು, ನಿಂಬೆ, ಟೊಮ್ಯಾಟೊಗಳ ಸಂತೆ. ಎರಡೂವರೆ ಸಾವಿರ ವರ್ಷದ ಕಲ್ಲಿನ ಪಕ್ಕ ನಿಂತು ಒಬ್ಬಾತ ಕತ್ತಿಮೀನಿನ ತಲೆಯನ್ನು ಮಂಜಿನ ಮೇಲೆ ನೆಟ್ಟಗೆ ನಿಲ್ಲಿಸಿ ಗಿರಾಕಿಗಳನ್ನು ಕೂಗುತ್ತಿದ್ದ. ನಾವು ಅಲ್ಲಿಂದ ಮೂಗು ಮುಚ್ಚಿಕೊಂಡು ಪಾರಾಗಿ ಒಂದು ಹೋಟೆಲಿನ ಹೊರಗೆ ಕೂತೆವು. ಸಿಸಿಲಿಯವರ ಬೇಸಗೆಯ ಬೆಳಗಿನ ತಿಂಡಿ ಗ್ರನೀಟಾ: ಬಾದಾಮಿ ಹಾಲನ್ನು ತಿರುವುತ್ತಾ ತಿರುವುತ್ತಾ ಹೆಪ್ಪುಗಟ್ಟಿಸಿದ ನುಣ್ಣನೆಯ ಮಂಜು. ಜೊತೆಗೆ ಮೆತ್ತನೆಯ ಬನ್ನು. ಬನ್ನನ್ನು ಮುರಿದು ಮಂಜಿನಲ್ಲಿ ಅದ್ದಿ ತಿನ್ನಬೇಕು.

“ಹಲ್ಲುಜ್ಜಿದ ಬಾಯಲ್ಲಿ ಐಸ್‌ಕ್ಯಾಂಡಿ ತಿನ್ನೋ ಊರು,” ಎಂದಳು ಇವಳು. ಅಂದವಳು ಇನ್ನೊಂದು ಬಟ್ಟಲು ತರಿಸಿದಳು.

ಒರ್ಟೀಜಿಯಾದಲ್ಲಿ ನಾನು ಹೆಚ್ಚು ಹೊತ್ತು ನಿಂತದ್ದು ಒಂದು ಗೋಡೆಯ ಮುಂದೆ. ಊರಿನ ದೊಡ್ಡ ಇಗರ್ಜಿಯ ಮುಂಭಾಗ 18ನೇ ಶತಮಾನದ್ದು. 1693ರ ಭೂಕಂಪದ ನಂತರ ಕಟ್ಟಿದ್ದು, ಮದುವೆ ಮನೆಯ ಹಾಗೆ ಸಿಂಗಾರ ಮಾಡಿಕೊಂಡಿದೆ. ಅದನ್ನು ಬಿಟ್ಟು ಪಕ್ಕದ ಓಣಿಗೆ ತಿರುಗಬೇಕು. ಅಲ್ಲಿ ಗೋಡೆಯೊಳಗಿನಿಂದ ದಪ್ಪ ದಪ್ಪ ಕಂಬಗಳು ಹೊಟ್ಟೆ ಮುಂದೆ ಮಾಡಿಕೊಂಡು ಇಣುಕುತ್ತವೆ. ಅವು ಅಥೀನಾ ದೇವಿಯ ಗುಡಿಯ ಕಂಬಗಳು. ಕ್ರಿ.ಪೂ. 480ರಲ್ಲಿ ಹಿಮೆರಾ ಎಂಬಲ್ಲಿ ಕಾರ್ತೇಜಿನವರನ್ನು ಸೋಲಿಸಿದ ಗೆಲೋನ್ ಎಂಬ ದೊರೆ ಆ ಗೆಲುವಿಗೆ ಕಟ್ಟಿಸಿದ್ದು. ಮುಂದೆ 7ನೇ ಶತಮಾನದಲ್ಲಿ ಕ್ರೈಸ್ತರು ಅದನ್ನು ಕೆಡವಲಿಲ್ಲ. ಕಂಬ ಕಂಬದ ನಡುವೆ ಗೋಡೆ ಎಬ್ಬಿಸಿದರು, ಒಳಗಿನ ಗರ್ಭಗುಡಿಯ ಗೋಡೆಗೆ ಕಮಾನುಗಳನ್ನು ಕೊರೆದರು. ಒಳಗು ಹೊರಗಾಯಿತು, ಹೊರಗು ಒಳಗಾಯಿತು, ಇಗರ್ಜಿ ಸಿದ್ಧ. ಅರಬರು ಬಂದಾಗ ಮಸೀದಿಯಾಯಿತು, ನಾರ್ಮನ್ನರು ಬಂದ ಮೇಲೆ ಮತ್ತೆ ಇಗರ್ಜಿ. ಒಳಗೆ ಹೋಗಿ ಒಂದು ಕಂಬದ ಮೇಲೆ ಅಂಗೈ ಇಟ್ಟೆ. ತಣ್ಣಗಿತ್ತು. ಪಕ್ಕದಲ್ಲೇ ಒಬ್ಬಾಕೆ ಮೊಂಬತ್ತಿ ಹಚ್ಚಿ, ಆ ಕಂಬಕ್ಕೇ ಒರಗಿ, ಕಣ್ಣು ಮುಚ್ಚಿ ಏನೋ ಬೇಡಿಕೊಳ್ಳುತ್ತಿದ್ದಳು. ಕಂಬಕ್ಕೆ ಇದೆಲ್ಲ ರೂಢಿಯಾಗಿರಬೇಕು.

ಬಿಸಿಲೇರಿದ ಮೇಲೆ ಅರೆಥೂಸಾ ಕೊಳಕ್ಕೆ ಬಂದೆವು. ಸಮುದ್ರದಿಂದ ಹತ್ತು ಹೆಜ್ಜೆ ಇತ್ತ ಒಂದು ಬುಗ್ಗೆ, ಅದರ ಸುತ್ತ ಕಲ್ಲಿನ ಕಟ್ಟೆ. ಗ್ರೀಸಿನಲ್ಲಿ ಅಲ್ಫಿಯೊಸ್ ಎಂಬ ನದಿದೇವ ಬೆನ್ನಟ್ಟಿದಾಗ ಅರೆಥೂಸಾ ಎಂಬ ಅಪ್ಸರೆ ನೀರಾಗಿ, ನೆಲದಡಿ ಹರಿದು, ಇಲ್ಲಿ ಬಂದು ಚಿಮ್ಮಿದಳಂತೆ. ಬಿಡದ ಅವನೂ ಸಮುದ್ರದ ಕೆಳಗಿನಿಂದಲೇ ಬಂದು ಅವಳಲ್ಲಿ ಬೆರೆತನಂತೆ. ಊರು ಬಿಟ್ಟು ಬಂದವರು ತವರಿನ ನೀರು ನಮ್ಮ ಹಿಂದೆಯೇ ಬಂತು ಎಂದು ಹೇಳಿಕೊಂಡ ಕತೆ ಎಂದೇ ನನಗನ್ನಿಸಿತು. ಈಗ ಆ ನೀರಿನಲ್ಲಿ ಬಾತುಕೋಳಿಗಳಿವೆ. ನಡುವೆ ಆಳೆತ್ತರದ ಹಸಿರು ಕಡ್ಡಿಗಳ ಪೊದೆ, ತುದಿಯಲ್ಲಿ ಕೆದರಿದ ಕೂದಲಿನಂಥ ಗೊಂಡೆ.

“ರೀ, ಇದು ನಮ್ಮೂರ ಕೆರೆ ಜೊಂಡೇ ಅಲ್ವೇನ್ರೀ?”

ಹೌದೇ ಹೌದು, ಅದೇ ಮನೆತನದ್ದು. ನಮ್ಮ ಗದ್ದೆ ಬದುವಿನ ಜೇಕು ಇದರ ಬಡ ದಾಯಾದಿ. ಇದು ಪಪೈರಸ್. ಈಜಿಪ್ಟಿನವರು ಯಾವುದರ ತಿರುಳನ್ನು ಸೀಳಿ, ಅಡ್ಡ ಉದ್ದ ಹಾಸಿ, ಒತ್ತಿ, ಒಣಗಿಸಿ ಹಾಳೆ ಮಾಡಿಕೊಂಡು ಬರೆದರೋ ಅದೇ ಗಿಡ. ಸಿರಾಕ್ಯೂಸಿನ ಹೊರವಲಯದ ಚಿಯಾನೆ ಹೊಳೆಯ ದಡದಲ್ಲಿ ಅದು ತಾನೇ ತಾನಾಗಿ ಬೆಳೆಯುತ್ತದೆ.

ಕೊಳದ ಕಟ್ಟೆಯಿಂದ ಕಾಣುವ ಅಗಲವಾದ ಕೊಲ್ಲಿಯೇ ಹಳೆಯ ದೊಡ್ಡ ಬಂದರು. ಕ್ರಿ.ಪೂ. 415ರಲ್ಲಿ ಅಥೆನ್ಸಿನವರು ಭಾರೀ ನೌಕಾಪಡೆ ಕಟ್ಟಿಕೊಂಡು ಸಿಸಿಲಿಯನ್ನೇ ನುಂಗುವ ಆಸೆಯಿಂದ ಬಂದು ಇಲ್ಲೇ ಸಿಕ್ಕಿಬಿದ್ದರು. ಎರಡು ವರ್ಷ ಕಳೆದ ಮೇಲೆ, ಇನ್ನು ಸಾಕು, ಊರಿಗೆ ಹೊರಡೋಣ ಎಂದು ಗುಟ್ಟಾಗಿ ಗಂಟುಮೂಟೆ ಕಟ್ಟಿದರು. ಹೊರಡಬೇಕು, ಅಷ್ಟರಲ್ಲಿ ಚಂದ್ರಗ್ರಹಣ. ಸೇನಾಪತಿ ನಿಕಿಯಾಸ್ ದೈವಭೀರು. ಮೂರು ಸಲ ಒಂಬತ್ತು ದಿನ ಕಾಯಬೇಕು ಎಂದರು ಜೋಯಿಸರು. ಕಾದ. ಅಷ್ಟರಲ್ಲಿ ಸಿರಾಕ್ಯೂಸಿನವರು ಬಂದರಿನ ಬಾಯಿಯನ್ನೇ ಮುಚ್ಚಿದರು.

ಇವಳು ಕೊಲ್ಲಿಯನ್ನು ಸ್ವಲ್ಪ ಹೊತ್ತು ನೋಡಿ ನಿಟ್ಟುಸಿರು ಬಿಟ್ಟಳು. “ಇಪ್ಪತ್ತೇಳು ದಿನ ಯಾಕ್ರೀ? ಗ್ರಹಣ ಬಿಟ್ಟ ಮೇಲೆ ಒಂದು ಸ್ನಾನ ಮಾಡಿ ಹೊರಟಿದ್ರೆ ಆಗ್ತಿತ್ತು.”

ಸೋತವರನ್ನು ಎಲ್ಲಿ ಕೂಡಿಹಾಕಿದರು ಎಂಬುದನ್ನು ನೋಡಲು ಮಧ್ಯಾಹ್ನ ದ್ವೀಪ ದಾಟಿ ಹೋದೆವು. ಊರಿಗೆ ಬೇಕಾದ ಕಲ್ಲನ್ನೆಲ್ಲ ಕಡಿದು ತೆಗೆದ ಕ್ವಾರಿಗಳು ಅಲ್ಲಿವೆ. ನೆಲ ಬಾಯ್ತೆರೆದಂಥ ಕಡಿದಾದ ಬಿಳಿ ಗೋಡೆಗಳು. ಇತಿಹಾಸಕಾರ ಥುಸಿಡಿಡೀಸ್ ಬರೆದಂತೆ ಏಳು ಸಾವಿರಕ್ಕೆ ಕಡಿಮೆಯಿಲ್ಲದಷ್ಟು ಸೆರೆಯಾಳುಗಳನ್ನು ಇಲ್ಲಿನ ಗಣಿಗಳಿಗೆ ತಳ್ಳಿದರು. ಮೇಲೆ ಸೂರಿಲ್ಲ. ಹಗಲು ಸುಡುವ ಬಿಸಿಲು, ಇರುಳು ಚಳಿ, ಸತ್ತವರ ಮಗ್ಗುಲಲ್ಲೇ ಬದುಕಿದವರು. ದಿನಕ್ಕೆ ತಲೆಗೆ ಕಾಲು ಲೀಟರಿಗೆ ತುಸು ಹೆಚ್ಚು ನೀರು, ಅದರ ಎರಡರಷ್ಟು ಕಾಳು. ಹೀಗೆ ಎಂಟು ತಿಂಗಳು. ಈಗ ಅಲ್ಲಿ ನಿಂಬೆ, ಕಿತ್ತಳೆ ಗಿಡಗಳು ಬೆಳೆದಿವೆ. ಒಂದು ಗಣಿಯ ಹೆಸರೇ ‘ಸ್ವರ್ಗದ ಕಲ್ಲುಗಣಿ’. ನೆರಳು ಎಷ್ಟು ಹಿತವಾಗಿತ್ತೆಂದರೆ ಆ ಹಿತಕ್ಕೇ ನನಗೆ ನಾಚಿಕೆಯಾಯಿತು.

ಆದರೆ ಪ್ಲುಟಾರ್ಕ್ ಹೇಳುವ ಇನ್ನೊಂದು ಸಂಗತಿಯಿದೆ. ನಾನು ಇಷ್ಟು ದೂರ ಬಂದದ್ದೇ ಅದಕ್ಕೆ ಎನ್ನಬೇಕು. ಸಿಸಿಲಿಯ ಗ್ರೀಕರಿಗೆ ಯೂರಿಪಿಡೀಸನ ನಾಟಕಗಳ ಹುಚ್ಚು. ಕಡಲಾಚೆಯಿಂದ ಬಂದವರ ಬಾಯಿಂದ ಒಂದೊಂದೇ ತುಣುಕು ಕೇಳಿ, ಕಲಿತು, ತಮ್ಮತಮ್ಮಲ್ಲಿ ಹಂಚಿಕೊಳ್ಳುತ್ತಿದ್ದರಂತೆ. ಸೆರೆಯಾಳುಗಳಲ್ಲಿ ಯಾರಿಗೆ ಅವನ ಸಾಲುಗಳು ಕಂಠಪಾಠವಾಗಿದ್ದವೋ ಅವರಲ್ಲಿ ಕೆಲವರು ಅದನ್ನು ಹೇಳಿಕೊಟ್ಟು ಬಿಡುಗಡೆ ಪಡೆದರು. ಸೋತು ಅಲೆಯುತ್ತಿದ್ದ ಕೆಲವರು ಹಾಡಿ ಅನ್ನ ನೀರು ಗಿಟ್ಟಿಸಿಕೊಂಡರು. ಊರು ಸೇರಿದವರು ಮುದಿ ಕವಿಯ ಮನೆಗೆ ಹೋಗಿ, ಸ್ವಾಮೀ, ನಿಮ್ಮಿಂದ ಬದುಕಿದೆವು ಎಂದರಂತೆ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳಿ, ಪದ್ಯ ಬಾಯಿಪಾಠ ಮಾಡದ ಹುಡುಗರನ್ನು ಬೆಂಚಿನ ಮೇಲೆ ನಿಲ್ಲಿಸಿದವನಿಗೆ ಇದಕ್ಕಿಂತ ದೊಡ್ಡ ಸಮರ್ಥನೆ ಬೇಕೆ?

ಆ ಗಣಿಯ ಒಂದು ಮೂಲೆಯಲ್ಲಿ ‘ಡಯೊನೀಸಿಯಸನ ಕಿವಿ’ ಎಂಬ ಗುಹೆಯಿದೆ. 23 ಮೀಟರ್ ಎತ್ತರ, 65 ಮೀಟರ್ ಉದ್ದ, ಹಾವಿನಂತೆ ಬಳುಕಿದೆ. 1608ರಲ್ಲಿ ಇಲ್ಲಿಗೆ ಬಂದ ಚಿತ್ರಕಾರ ಕರವಾಜಿಯೊ ಇಟ್ಟ ಹೆಸರಂತೆ. ಒಳಗೆ ಪಿಸುಗುಟ್ಟಿದರೂ ದನಿ ದೊಡ್ಡದಾಗಿ ಸುತ್ತುತ್ತದೆ. ಕೈದಿಗಳ ಮಾತನ್ನು ಡಯೊನೀಸಿಯಸ್ ಎಂಬ ದೊರೆ ಮೇಲಿನಿಂದ ಕದ್ದು ಕೇಳುತ್ತಿದ್ದ ಎಂಬ ಕತೆಯೂ ಹುಟ್ಟಿಕೊಂಡಿದೆ. ಯಾವುದೋ ದೇಶದ ಹುಡುಗರು ಕೂ ಹಾಕಿ ಹೊರಟುಹೋದರು. ಗುಹೆ ಖಾಲಿಯಾಯಿತು. ನನಗೆ ತಡೆಯಲಾಗಲಿಲ್ಲ. ಗಂಟಲು ಸರಿಮಾಡಿಕೊಂಡು ಗದುಗಿನ ಭಾರತದ ಒಂದು ಷಟ್ಪದಿ ಎತ್ತಿಕೊಂಡೆ. ಆಹಾ, ಆ ಮೊಳಗು! ಮೊದಲ ಸಾಲು ಸೂರಿನವರೆಗೆ ಹೋಗಿ ವಾಪಸು ಬರುವಾಗ ಎರಡನೆಯದು ಎದುರಾಗಿ ಅಪ್ಪಿಕೊಳ್ಳುತ್ತಿತ್ತು. ಮೂರನೆಯ ಸಾಲಿನಲ್ಲಿ ನನ್ನ ದನಿಗೆ ನಾನೇ ಮರುಳಾದೆ. ನಾಲ್ಕನೆಯದು ಬರಲಿಲ್ಲ. ಸಾವಿರ ಸಲ ಪಾಠ ಮಾಡಿದ ಪದ್ಯ. ಗುಹೆಯೂ ಕಾಯಿತು.

ಇವಳ ತಂದೆ ಗಮಕಿಗಳು. ಬಾಗಿಲ ಬಳಿ ಚಪ್ಪಲಿಯೊಳಗಿನ ಹರಳು ಕೊಡವಿಕೊಳ್ಳುತ್ತಿದ್ದವಳು ತಲೆಯೆತ್ತದೆ ಉಳಿದ ಮೂರು ಸಾಲನ್ನೂ ರಾಗವಾಗಿ ಮುಗಿಸಿದಳು. ಕೊನೆಯ ಅಕ್ಷರ ಒಳಗೆಲ್ಲೋ ಬಳುಕಿ ಬಳುಕಿ ಅಡಗಿತು.

“ನನ್ನನ್ನ ಬಿಡ್ತಿದ್ರು,” ಎಂದಳು. “ನೀವು ಇಲ್ಲೇ ಇರ್ತಿದ್ರಿ.”

ಪಕ್ಕದ ಬಂಡೆಯನ್ನೇ ಕೊರೆದು ಮಾಡಿದ ಗ್ರೀಕ್ ರಂಗಮಂದಿರವನ್ನು ನಾನು ಮುಖ ದಪ್ಪ ಮಾಡಿಕೊಂಡೇ ನೋಡಿದೆ. ಇಸ್ಕಿಲಸ್ ತನ್ನ ನಾಟಕ ಆಡಿಸಿದ ಊರು ಇದು. ಕಲ್ಲಿನ ಮೆಟ್ಟಿಲಾಸನಗಳನ್ನು ನೋಡಬೇಕೆಂದು ಬಂದರೆ ಮೇಲೆಲ್ಲ ಮರದ ಹಲಗೆ ಹೊದಿಸಿದ್ದರು. 1914ರಲ್ಲಿ ಇಸ್ಕಿಲಸನ ‘ಅಗಮೆಮ್ನಾನ್’ನಿಂದ ಆರಂಭವಾದ ನಾಟಕೋತ್ಸವ ಈಗಲೂ ಬೇಸಗೆಯಲ್ಲಿ ನಡೆಯುತ್ತದೆ. ಕಲ್ಲು ಕಾಣದ್ದಕ್ಕೆ ಬೇಜಾರಾಯಿತು. ನಾಟಕ ಇನ್ನೂ ನಡೆಯುತ್ತಿರುವುದರಿಂದಲೇ ಕಲ್ಲು ಮುಚ್ಚಿದೆ ಎಂದು ಹೊಳೆದ ಮೇಲೆ ಬೇಜಾರು ಇಳಿಯಿತು.

ಸಂಜೆ ಒರ್ಟೀಜಿಯಾದ ಪಪೈರಸ್ ಮ್ಯೂಸಿಯಂ ಹೊಕ್ಕೆವು. ಗಾಜಿನ ಕೆಳಗೆ ಕಂದುಬಣ್ಣದ ಚೂರುಗಳು, ಇರುವೆ ಸಾಲಿನಂಥ ಬರಹ. ನನಗೆ ಬೇಕಾಗಿದ್ದ ಚೂರು ಇಲ್ಲಿಲ್ಲ, ಆಕ್ಸ್‌ಫರ್ಡಿನಲ್ಲಿದೆ ಎಂದು ಗೊತ್ತಿತ್ತು. ಈಜಿಪ್ಟಿನ ಆಕ್ಸಿರಿಂಕಸ್ ಎಂಬ ಊರಿನ ತಿಪ್ಪೆಗಳಲ್ಲಿ ಸಿಕ್ಕ, 2ನೇ ಶತಮಾನದ ಸುಮಾರಿನ ಒಂದು ಗ್ರೀಕ್ ಪ್ರಹಸನ, 1903ರಲ್ಲಿ ಅಚ್ಚಾಯಿತು. ಇಂಡಿಯಾದ ಕರಾವಳಿಯ ಗುಡಿಯೊಂದರಲ್ಲಿ ಚಾರಿಟಿಯನ್ ಎಂಬ ಗ್ರೀಕ್ ಹುಡುಗಿ ಸೆರೆ. ಅಣ್ಣ ಹಡಗಿನಲ್ಲಿ ಬರುತ್ತಾನೆ, ಅಲ್ಲಿನ ರಾಜನಿಗೆ ನೀರು ಬೆರೆಸದ ದ್ರಾಕ್ಷಾರಸ ಕುಡಿಸಿ ಮತ್ತೇರಿಸಿ ತಂಗಿಯನ್ನು ಬಿಡಿಸಿಕೊಂಡು ಹೋಗುತ್ತಾನೆ. ಜೊತೆಗೊಬ್ಬ ವಿದೂಷಕ, ಅವನ ಆಯುಧ ಹೂಸು. ಕತೆಯ ಎಲುಬು ಮಾತ್ರ ಯೂರಿಪಿಡೀಸನ ‘ಟೌರಿಸ್‌ನ ಇಫಿಜೀನಿಯಾ’ದ್ದೇ. ಕ್ವಾರಿಯ ಸೆರೆಯಾಳುಗಳನ್ನು ಬಿಡಿಸಿದ ಕವಿ ಆರು ಶತಮಾನದ ಮೇಲೆ ಗೇಲಿಯ ವೇಷದಲ್ಲಿ ನಮ್ಮ ಕರಾವಳಿಯ ಕಡೆಗೂ ಬಂದಿದ್ದಾನೆ!

ಆ ನಾಟಕದ ರಾಜನೂ ಪರಿವಾರವೂ ಗ್ರೀಕಲ್ಲದ ಏನೋ ಒಂದು ಭಾಷೆಯಲ್ಲಿ ಮಾತಾಡುತ್ತಾರೆ. ಅದು ಕನ್ನಡ ಎಂದು 1904ರಲ್ಲಿ ಹೇಳಿದವನು ಜರ್ಮನಿಯ ಶಾಸನತಜ್ಞ ಹುಲ್ಟ್ಸ್. ‘ಕೊಂಚ’, ‘ಮಧು’, ‘ಪಾತ್ರ’, ‘ಹಾಕಿ’ ಎಂಬ ಮಾತುಗಳು ಅವನ ಕಿವಿಗೆ ಬಿದ್ದವು. ಶಾಮಶಾಸ್ತ್ರಿಗಳು, ಗೋವಿಂದ ಪೈಗಳು ಅದರ ಬೆನ್ನು ಹತ್ತಿದರು. ತುಳು ಎಂದವರಿದ್ದಾರೆ, ನಗಿಸಲು ಹೆಣೆದ ಬರೀ ಗಳಗಳ ಎಂದವರೂ ಇದ್ದಾರೆ. ನನಗೂ ಅನುಮಾನವೇ: ಹಳಗನ್ನಡದ ‘ಪಾಲ್’ ‘ಹಾಲು’ ಆಗಲು ಎಷ್ಟೋ ಶತಮಾನ ಬೇಕಾಯಿತು, ಹಲ್ಮಿಡಿ ಶಾಸನಕ್ಕೂ ಮೊದಲಿನ ರಾಜ ನಮ್ಮ ಹಾಗೆ ‘ಹಾಕಿ’ ಎಂದಾನೆಯೇ? ಇದನ್ನೆಲ್ಲ ಇವಳಿಗೆ ವಿವರವಾಗಿ ಹೇಳಿದೆ. ಕಾಲು ನೋಯುತ್ತಿದ್ದುದರಿಂದ ಬೆಂಚಿನ ಮೇಲೆ ಕೂತು ಪೂರ್ತಿ ಕೇಳಿದಳು. ವಿದೂಷಕನ ಭಾಗವನ್ನು ಮಾತ್ರ ಇನ್ನೊಮ್ಮೆ ಹೇಳಿಸಿದಳು.

ರಾತ್ರಿ ಬಂದರಿನ ಕಡೆ ಮುಖ ಮಾಡಿದ ಹೋಟೆಲಿನಲ್ಲಿ ಕೂತೆವು. ಬದನೆಕಾಯಿ ಹಾಕಿದ ಪಾಸ್ತಾ ಬಂತು. ಇವಳು ಎಣ್ಣೆಗಾಯಿ ನೆನೆಯುತ್ತಲೇ ತಟ್ಟೆ ಖಾಲಿ ಮಾಡಿದಳು. ಈ ಊರಿಗೆ ಬಂದು ಒಂದು ಗುಟುಕು ವೈನ್ ಕುಡಿಯದೆ ಬರಬೇಡಿ ಎಂದು ಮಗಳು ಫೋನಿನಲ್ಲಿ ಹೇಳಿದ್ದಳು. ಹೇಳಿದೆ. ಮಾಣಿ ಹುಡುಗ ಸೀಸೆ ತಂದು ನನ್ನ ಗ್ಲಾಸಿಗೆ ಬಗ್ಗಿಸತೊಡಗಿದ. ಅವನಿಗೆ ಇಟಾಲಿಯನ್ ಬಿಟ್ಟು ಇನ್ನೊಂದು ಬಾರದು, ಇವಳಿಗೆ ಕನ್ನಡ ಬಿಟ್ಟು ಇನ್ನೊಂದು ಬೇಕಿಲ್ಲ.

“ಸಾಕಪ್ಪಾ, ಕೊಂಚ ಹಾಕಿ,” ಎಂದಳು.

ಹುಡುಗ ಕೈ ತಡೆದ. ಗ್ಲಾಸಿನಲ್ಲಿ ಕೊಂಚವೇ ಇತ್ತು.